ಕಂಬಳವೂ ಕಾಲನಿಯಮವೂ



ಮೈಸೂರು ಬೆಂಗಳೂರುಗಳಲ್ಲಿ ಕುದುರೆಪಂದ್ಯವನ್ನು ಕಂಡವರಿಗೆ ಒಂದು ಸಂಗತಿ ಗೊತ್ತಿರುವುದು. ಪಂದ್ಯದ ದಿನ ಅಚ್ಚಾಗುವ ಪಟ್ಟಿಯಲ್ಲಿ ಪ್ರತಿಯೊಂದು ಓಟಕ್ಕೂ ಗಂಟೆ ನಿಮಿಷಗಳನ್ನು ಮುಂಚೆಯೇ ಗೊತ್ತುಮಾಡಿರುತ್ತಾರೆ. ಮೈಸೂರಿನ ರೇಸ್ ಕ್ಲಬ್ಬು 1891ರಲ್ಲಿಯೂ ಬೆಂಗಳೂರಿನ ಟರ್ಫ್ ಕ್ಲಬ್ಬು 1921ರಲ್ಲಿಯೂ ಹುಟ್ಟಿದವು. ಹೀಗೆ ಊರೂರಿಗೆ ಪಂದ್ಯದ ಬಯಲುಗಳಾದ ಮೇಲೆ ಹೊಸದೊಂದು ತೊಡಕು ಹುಟ್ಟಿತು. ಒಂದೇ ಮಧ್ಯಾಹ್ನ ಎರಡು ಮೂರು ಊರುಗಳಲ್ಲಿ ಕುದುರೆಗಳು ಓಡುವುದಾದರೆ, ಒಂದು ಕಡೆಯ ದೊಡ್ಡ ಓಟ ಇನ್ನೊಂದು ಕಡೆಯ ದೊಡ್ಡ ಓಟದ ಮೇಲೆ ಬೀಳಕೂಡದು. ಅದಕ್ಕಾಗಿ ಅವುಗಳ ಹೊರಡುವ ಹೊತ್ತನ್ನು ಕೆಲವು ನಿಮಿಷಗಳ ಅಂತರದಲ್ಲಿ ಜೋಡಿಸುತ್ತಾರೆ. ಇಂಗ್ಲೆಂಡಿನಲ್ಲಿ ಶನಿವಾರಗಳಂದು ಹಲವು ಬಯಲುಗಳ ನಡುವೆ ಇದೇ ಏರ್ಪಾಟು ನಡೆಯುತ್ತದೆ. ಪಣದ ವಿಚಾರವಾಗಿ ಈ ಹೊತ್ತು ನಾವು ಏನನ್ನೂ ಹೇಳಹೊರಟಿಲ್ಲ. ಈ ಏರ್ಪಾಟು ಯಾರ ಅನುಕೂಲಕ್ಕೆ ಎಂಬುದನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಅದು ಮುಖ್ಯವಾಗಿ ನೋಡುವವರ ಮತ್ತು ಪಣ ಕಟ್ಟುವವರ ಅನುಕೂಲಕ್ಕೆ.

ನಾವು ವಾಸಿಸುವ ನಿಟ್ಟೆ ಕಾರ್ಕಳದ ಬಳಿಯ ಊರು. ನಮ್ಮ ಸೀಮೆಯಲ್ಲಿ ಕುದುರೆಯ ಓಟವಿಲ್ಲ, ಕೋಣಗಳ ಓಟವುಂಟು. ಅದಕ್ಕೆ ಕಂಬಳವೆಂದು ಹೆಸರು. ನೀರು ತುಂಬಿದ ಕೆಸರಿನ ಉದ್ದನೆಯ ಓಣಿಗೆ ‘ಕರೆ’ ಎನ್ನುತ್ತಾರೆ. ಒಂದರ ಪಕ್ಕದಲ್ಲಿ ಒಂದರಂತೆ ಎರಡು ಕರೆಗಳಿದ್ದರೆ ಅದು ಜೋಡುಕರೆ. ಕೋಣಗಳನ್ನು ಬಿಡುವ ತುದಿಗೆ ‘ಗಂತು’ ಎಂದೂ ಓಟ ಮುಗಿಯುವ ಏರುದಿಬ್ಬಕ್ಕೆ ‘ಮಂಜೊಟ್ಟಿ’ ಎಂದೂ ತುಳುವರು ಕರೆಯುತ್ತಾರೆ. ಕಾರ್ಕಳದ ಮಗ್ಗುಲಿನ ಮಿಯ್ಯಾರಿನಲ್ಲಿ ಲವ–ಕುಶರ ಹೆಸರಿನ ಕರೆಗಳಿವೆ. ಮೂಡುಬಿದಿರೆಯಲ್ಲಿ ಕೋಟಿ–ಚೆನ್ನಯರು, ವೇಣೂರಿನಲ್ಲಿ ಸೂರ್ಯ–ಚಂದ್ರರು, ಉಪ್ಪಿನಂಗಡಿಯಲ್ಲಿ ವಿಜಯ–ವಿಕ್ರಮರು.

ಹಿಂದಿನ ಕಂಬಳಗಳಿಗೆ ದಿನ ಹೊಂದಿಸುವ ತಾಪತ್ರಯವಿರಲಿಲ್ಲ. ವಂಡಾರಿನಂಥ ಸಾಂಪ್ರದಾಯಿಕ ಕಂಬಳಗಳಲ್ಲಿ ಓಟಕ್ಕಿಂತ ಕಟ್ಟುಕಟ್ಟಳೆಯೇ ದೊಡ್ಡದು. ಗದ್ದೆ ಬೀಡಿನದು, ದಿನ ದೈವದ್ದು, ಕೋಣಗಳು ಸುತ್ತಮುತ್ತಲಿನ ಮನೆಗಳವು. ಸ್ಪರ್ಧೆಯ ಜೋಡುಕರೆ ಬಂದ ಮೇಲೆ ಸ್ಥಿತಿ ಬದಲಾಯಿತು. ಕೋಣಗಳು ಲಾರಿಯೇರಿ ಊರಿಂದೂರಿಗೆ ಹೋಗತೊಡಗಿದವು. ಒಂದೇ ಜೋಡಿ ಈ ವಾರ ಪುತ್ತೂರಿನಲ್ಲಿ, ಮುಂದಿನ ವಾರ ಕಟಪಾಡಿಯಲ್ಲಿ, ಇನ್ನೊಂದು ವಾರ ಐಕಳದಲ್ಲಿ. ಎರಡು ಊರಿನವರು ಒಂದೇ ಶನಿವಾರವನ್ನು ಹಿಡಿದರೆ ಎರಡು ಕಂಬಳಗಳೂ ಅರ್ಧವಾಗುತ್ತವೆ. ಆದಕಾರಣ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಕಂಬಳ ಸಮಿತಿಯವರು ಋತುವಿಗೆ ಮುಂಚೆ ಕೂತು, ನವೆಂಬರಿನಿಂದ ಏಪ್ರಿಲಿನವರೆಗೆ ಯಾವ ಶನಿವಾರ ಯಾವ ಊರಿಗೆ ಎಂದು ವೇಳಾಪಟ್ಟಿಯನ್ನು ಬರೆಯುತ್ತಾರೆ. ಯಕ್ಷಗಾನದ ಮೇಳಗಳು ಪತ್ತನಾಜೆಯ ತನಕ ತಿರುಗಾಟದ ದಿನಗಳನ್ನು ಗೊತ್ತುಮಾಡಿಕೊಳ್ಳುವ ಹಾಗೆಯೇ ಇದು. ಇದರಲ್ಲಿ ಊರಿನ ಅಭಿಮಾನ ಸ್ವಲ್ಪ ಬಾಗಬೇಕಾಗುತ್ತದೆ. ತನಗೆ ಒಪ್ಪುವ ದಿನವನ್ನು ನೆರೆಯೂರಿಗೆ ಬಿಟ್ಟುಕೊಡದೆ ಯಾವ ಪಟ್ಟಿಯೂ ಆಗಲಾರದು.

ಕುದುರೆಯ ಬಯಲುಗಳು ಹೊತ್ತನ್ನು ಹೊಂದಿಸುವುದು ನೋಡುವವರಿಗಾಗಿ. ನಮ್ಮ ಕರೆಗಳು ದಿನವನ್ನು ಹೊಂದಿಸುವುದು ಓಡುವವರಿಗಾಗಿ. ಈ ವ್ಯತ್ಯಾಸವನ್ನು ಕಂಡು ನಾವು ಬಹಳ ದಿನ ಹೆಮ್ಮೆಪಟ್ಟಿದ್ದೆವು. ಆದರೆ ಆ ಹೆಮ್ಮೆ ಕರೆಯ ದಂಡೆಯ ಮೇಲೆ ಒಂದು ರಾತ್ರಿ ಕಳೆಯುವ ತನಕ ಮಾತ್ರ ಉಳಿಯಿತು. ಕಂಬಳ ಇಪ್ಪತ್ತನಾಲ್ಕು ಗಂಟೆಗಳೊಳಗೆ ಮುಗಿಯಬೇಕೆಂಬುದು ನಿಯಮ. ಶನಿವಾರ ಬೆಳಗ್ಗೆ ತೊಡಗಿದ್ದು ಭಾನುವಾರ ಬೆಳಗ್ಗೆಗೆ ಮುಗಿಯಬೇಕು. ಅನೇಕ ಸಲ ಅದು ಭಾನುವಾರ ಮಧ್ಯಾಹ್ನಕ್ಕೂ ಮುಗಿಯದೆ ಸಂಜೆಗೆ ಸಾಗಿದ್ದುಂಟು.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ಆರು ವಿಭಾಗಗಳು. ಕನೆಹಲಗೆಯಲ್ಲಿ ವೇಗವನ್ನಲ್ಲ, ನೀರು ಎಷ್ಟು ಎತ್ತರಕ್ಕೆ ಚಿಮ್ಮಿತೆಂಬುದನ್ನು ನೋಡುತ್ತಾರೆ; ಅದನ್ನೂ ಲೆಕ್ಕದ ಅನುಕೂಲಕ್ಕೆ ಉಳಿದವುಗಳೊಡನೆ ಸೇರಿಸೋಣ. ಒಟ್ಟು 200 ಜೋಡಿಗಳು ಬಂದಿವೆಯೆನ್ನೋಣ. ಸೋತವು ಹೊರಕ್ಕೆ, ಗೆದ್ದವು ಮುಂದಕ್ಕೆ ಎಂಬ ಕ್ರಮದಲ್ಲಿ ಸುಮಾರು 195 ಓಟಗಳು ಬೇಕು. ಒಂದು ಓಟಕ್ಕೆ ಹದಿನೈದು ಸೆಕೆಂಡುಗಳಾದರೆ, ಎಲ್ಲ ಓಟಗಳೂ ಸೇರಿ 49 ನಿಮಿಷ! ಉಳಿದ ಕಾಲವೆಲ್ಲ ಬಿಡುವ ಸಿದ್ಧತೆಗೆ ಹೋಗುತ್ತದೆ. ಒಂದೊಂದು ಬಿಡುವಿಕೆಗೆ ಐದು ನಿಮಿಷ ಹಿಡಿದರೆ ಹದಿನಾರು ಗಂಟೆಯ ಕೆಲಸ; ಹತ್ತು ನಿಮಿಷ ಹಿಡಿದರೆ ಮೂವತ್ತೆರಡು ಗಂಟೆಗಳಿಗೂ ಮಿಕ್ಕೀತು. ಕಂಬಳ ಬೆಳಗ್ಗೆ ಮುಗಿಯುವುದೋ ಸಂಜೆ ಮುಗಿಯುವುದೋ ಎಂಬುದು ಗಂತಿನ ಆ ಐದು ನಿಮಿಷದಲ್ಲಿದೆ.

ಇದರಲ್ಲಿ ತಪ್ಪು ಯಾರೊಬ್ಬರದೂ ಅಲ್ಲ. ಗಂತಿನಲ್ಲಿ ನಾಲ್ಕು ಕೋಣಗಳು ಒಂದೇ ಕ್ಷಣ ನೆಟ್ಟಗೆ ನಿಲ್ಲಬೇಕು. ಒಂದು ನಿಂತಾಗ ಇನ್ನೊಂದು ತಿರುಗುತ್ತದೆ. ತನ್ನ ಜೋಡಿ ನಿಂತಿರುವಾಗಲೇ ಬಿಡಬೇಕೆಂಬ ಆಸೆ ಎರಡು ಕಡೆಯವರಿಗೂ ಇರುತ್ತದೆ. ಒಬ್ಬನೇ ಓಟಗಾರ ಎರಡು ಮೂರು ವಿಭಾಗಗಳಲ್ಲಿ ಓಡುವವನಾಗಿದ್ದರೆ, ಅವನು ಮಂಜೊಟ್ಟಿಯಿಂದ ನಡೆದು ಬಂದು ಉಸಿರು ತೆಗೆದುಕೊಳ್ಳುವ ತನಕ ಎಲ್ಲರೂ ಕಾಯಬೇಕು. ಯಜಮಾನರ ಅಭಿಮಾನಿಗಳು ಗಂತಿನಲ್ಲಿ ಗುಂಪುಗೂಡಿ ಸಲಹೆ ಕೊಡುತ್ತಿರುತ್ತಾರೆ. ಕುದುರೆಯ ಬಯಲಿನಲ್ಲಾದರೋ ಕಬ್ಬಿಣದ ಗೇಟು ಇದೆ, ನಿಯಮಿಸಿದ ಅಧಿಕಾರಿಯಿದ್ದಾನೆ. ಅಲ್ಲಿ ಒಡೆಯನ ಇಷ್ಟ ನಡೆಯುವಂತಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಕಂಬಳದಲ್ಲಿ ನಾವು ನಡುರಾತ್ರಿ ಎರಡು ಗಂಟೆಯ ಹೊತ್ತಿಗೆ ಗಂತಿನ ಬದಿಗೆ ಹೋದೆವು. ಬಿಡುವ ವಿಚಾರದಲ್ಲಿ ಏನೋ ಚರ್ಚೆ ಬೆಳೆದಿತ್ತು. ನೊಗ ಕಟ್ಟಿದ ಜೋಡಿಯೊಂದು ದೀಪದ ಬೆಳಕಿನಲ್ಲಿ ತಲೆ ತಗ್ಗಿಸಿ ನಿಂತಿತ್ತು. ಒಬ್ಬ ಹುಡುಗ ಅವುಗಳ ಬಾಯಿಯ ನೊರೆಯನ್ನು ಬೈರಾಸಿನಿಂದ ಒರೆಸುತ್ತಿದ್ದ. ಓಟಗಾರ ದಂಡೆಯ ಮೇಲೆ ಮೊಣಕಾಲಿಗೆ ಹಣೆ ಕೊಟ್ಟು ತೂಕಡಿಸುತ್ತಿದ್ದ. ಮಾತನಾಡಿಸಿದಾಗ ನಕ್ಕು, “ನಾಡಿದ್ದು ಬೆಳಗ್ಗೆ ಗಾರೆ ಕೆಲಸಕ್ಕೆ ಹೋಗ್ಲಿಕ್ಕುಂಟು ಮಾಸ್ಟ್ರೇ. ಇಲ್ಲಿ ಬೇಗ ಆದ್ರೆ ನಾಳೆ ಒಂದಿಷ್ಟು ನಿದ್ದೆ ಮಾಡ್ಬಹುದಿತ್ತು” ಎಂದ. ಆಮೇಲೆ ಅವನು ಎದ್ದು ಓಡಿದ. ಓಟ ಮುಗಿಯಲು ಹದಿನಾಲ್ಕು ಸೆಕೆಂಡು ಸಹ ಹಿಡಿಯಲಿಲ್ಲ. ಅದಕ್ಕೆ ಮೊದಲು ಅವನು ಕಾದದ್ದು ಮುಕ್ಕಾಲು ಗಂಟೆ.

2020ರ ಫೆಬ್ರವರಿಯಲ್ಲಿ ಐಕಳದ ಕರೆಯಲ್ಲಿ ಶ್ರೀನಿವಾಸ ಗೌಡರು 142.5 ಮೀಟರು ದೂರವನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರೆಂಬ ವಾರ್ತೆ ಲೋಕವನ್ನೆಲ್ಲ ಸುತ್ತಿಬಂದಿತು. ಮಂಜೊಟ್ಟಿಯಲ್ಲಿ ಬೆಳಕಿನ ಕಿರಣವನ್ನು ಹಾಯಿಸಿ ಸೆಕೆಂಡಿನ ನೂರನೆಯ ಒಂದು ಪಾಲನ್ನೂ ಬಿಡದೆ ಎಣಿಸುವ ನಾವು, ಗಂತಿನಲ್ಲಿ ಗಂಟೆಗಳನ್ನು ಲೆಕ್ಕವಿಲ್ಲದೆ ಚೆಲ್ಲುತ್ತಿದ್ದೇವೆ. ಒಂದು ಕರೆಯಲ್ಲಿ ಚೆಲ್ಲಿದ ಹೊತ್ತು ಅಲ್ಲಿಗೇ ಮುಗಿಯುವುದೂ ಇಲ್ಲ. ಭಾನುವಾರ ರಾತ್ರಿ ಹಟ್ಟಿ ಸೇರಿದ ಕೋಣ ಮುಂದಿನ ಶನಿವಾರ ಇನ್ನೊಂದು ಊರಿನ ಕರೆಯಲ್ಲಿ ನಿಲ್ಲಬೇಕು. ವೇಳಾಪಟ್ಟಿ ಅದಕ್ಕೆಂದು ಇಟ್ಟ ವಿಶ್ರಾಂತಿಯ ದಿನವನ್ನು ಹೀಗೆ ನಾವೇ ಕಸಿದುಕೊಂಡಂತಾಯಿತು.

ಇದು ಬರಿಯ ಅಚ್ಚುಕಟ್ಟಿನ ಪ್ರಶ್ನೆಯಲ್ಲ. 2014ರ ಮೇ ತಿಂಗಳಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟಿನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಬಿದ್ದಿತು. 2016ರ ನವೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ಮಧ್ಯಂತರ ಆಜ್ಞೆಯಿಂದ ಕರೆಗಳು ಬರಿದಾದವು. 2017ರಲ್ಲಿ ಆಧ್ಯಾದೇಶ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಕಾನೂನು, ಕೊನೆಗೆ 2023ರ ಮೇ 18ರಂದು ಸಂವಿಧಾನ ಪೀಠದ ಸಮ್ಮತಿ — ಇಷ್ಟು ದಾಟಿ ಕಂಬಳ ಉಳಿಯಿತು. ಆದರೆ ಪ್ರಾಣಿಗೆ ಅನಾವಶ್ಯಕವಾದ ನೋವು ಆಗಬಾರದೆಂಬ ಷರತ್ತಿನ ಮೇಲೆ ಉಳಿಯಿತು. ಅನಾವಶ್ಯಕವಾದ ನೋವೆಂದರೆ ಬೆತ್ತದ ಏಟು ಒಂದೇ ಎಂದು ತಿಳಿಯಬಾರದು. ಓಡಲಿಕ್ಕೆ ಸಿದ್ಧವಾದ ಪ್ರಾಣಿಯನ್ನು ನೊಗದಲ್ಲಿ ಕಟ್ಟಿ, ಮನುಷ್ಯರ ವಾದ ಮುಗಿಯುವ ತನಕ ನಿಲ್ಲಿಸುವುದು ಏನೆಂದು ನಾಳೆ ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿರಬೇಕಷ್ಟೆ.

ಗಂತಿಗೆ ಗೇಟನ್ನೂ ದೀಪದ ಸಂಜ್ಞೆಯನ್ನೂ ತರುವ ಮಾತು, ಪ್ರಯೋಗಗಳು ನಡೆದಿವೆ. ಅವು ಬರಲಿ. ಆದರೆ ಗೇಟು ತೆರೆದರೂ ಯಜಮಾನನ ಮನಸ್ಸು ತೆರೆಯದಿದ್ದರೆ ಫಲವಿಲ್ಲ. ಗೊತ್ತಾದ ನಿಮಿಷದೊಳಗೆ ಕೋಣಗಳನ್ನು ಬಿಡದವರು, ಅವರು ಎಷ್ಟು ದೊಡ್ಡ ಮನೆಯವರಾದರೂ, ಆ ಓಟವನ್ನು ಬಿಟ್ಟುಕೊಡಬೇಕು. ಗಂತಿನ ಅಧಿಕಾರಿಯ ಮಾತೇ ಕೊನೆಯದಾಗಬೇಕು. ಬರುವ ಜೋಡಿಗಳು ಹೆಚ್ಚಾದಲ್ಲಿ ಸಂಖ್ಯೆಗೆ ಮಿತಿ ಬೇಕು. ಶನಿವಾರವನ್ನು ನೆರೆಯೂರಿಗೆ ಬಿಟ್ಟುಕೊಟ್ಟು ಬದುಕಲು ಕಲಿತ ನಮ್ಮ ಜನಕ್ಕೆ, ಐದು ನಿಮಿಷವನ್ನು ಎದುರಾಳಿಗೆ ಬಿಟ್ಟುಕೊಡುವುದು ಅಸಾಧ್ಯವೆಂದು ನಾವು ನಂಬಲಾರೆವು.

ಬಾನುಲಿಯಲ್ಲಿ ಮಾತನಾಡುವವನ ಎದುರಿಗೆ ಒಂದು ಗಡಿಯಾರವಿರುತ್ತದೆ. ನಮ್ಮ ಬಳಿಕ ಮಾತನಾಡುವವರು ಬಾಗಿಲಾಚೆ ಕಾದಿದ್ದಾರೆ. ನಮಗೆ ಕೊಟ್ಟ ಹೊತ್ತು ಮುಗಿಯಿತು.