ಬೇಡವಾದ ಒಡವೆಗೆ ನ್ಯಾಯವಾದ ಬೆಲೆ

ನಿಮ್ಮ ಮನೆಯ ಬೀರುವಿನಲ್ಲಿ ಒಂದು ಹಳೆಯ ಬಟ್ಟೆಯ ಗಂಟು ಇದ್ದೀತು. ಜೋಡಿ ತಪ್ಪಿದ ಓಲೆ, ಕೊಂಡಿ ಮುರಿದ ಸರ, ಮಗು ದೊಡ್ಡದಾಗಿ ಮೂಲೆ ಸೇರಿದ ಹಾಲ್ಗಡಗ, ಅತ್ತೆಯವರ ಕಾಲದ ವಂಕಿ. ಇವನ್ನು ತೊಡುವವರಿಲ್ಲ, ಮಾರಲು ಮನಸ್ಸು ಒಪ್ಪುವುದಿಲ್ಲ. ಕೊನೆಗೆ ಒಂದು ದಿನ ಆಸ್ಪತ್ರೆಯ ಖರ್ಚೋ ಮಗಳ ಕಾಲೇಜಿನ ಹಣವೋ ಬಂದು ನಿಂತಾಗ, ಆ ಗಂಟು ಅವಸರದಲ್ಲಿ ಅಂಗಡಿಗೆ ಹೊರಡುತ್ತದೆ.

ಕೊಳ್ಳುವಾಗ ನಾವು ನಾಲ್ಕು ಅಂಗಡಿ ತಿರುಗುತ್ತೇವೆ, ಚೌಕಾಸಿ ಮಾಡುತ್ತೇವೆ, ಜೊತೆಗೆ ನೆರೆಮನೆಯವರನ್ನೂ ಕರೆದೊಯ್ಯುತ್ತೇವೆ. ಮಾರುವಾಗಲಾದರೋ ಸಂಜೆಗತ್ತಲಲ್ಲಿ, ಪರಿಚಯದವರು ಯಾರೂ ಕಾಣದಂತೆ ಹೋಗಿ, ಕೊಟ್ಟಷ್ಟನ್ನು ಎಣಿಸದೆಯೇ ತೆಗೆದುಕೊಂಡು ಬರುತ್ತೇವೆ. "ಅವರ ಮನೆಯಲ್ಲಿ ಒಡವೆ ಮಾರಿದರಂತೆ" ಎಂಬ ಮಾತಿಗೆ ಅಷ್ಟು ಅಂಜಿಕೆ. ನಮ್ಮ ಈ ನಾಚಿಕೆಯೇ ಕೊಳ್ಳುವವನ ಮೊದಲನೆಯ ಲಾಭ.

ಚಿನ್ನದ ಬೆಲೆ ನಿಲ್ಲುವುದು ಎರಡೇ ಸಂಗತಿಗಳ ಮೇಲೆ: ತೂಕ ಎಷ್ಟು, ಅದರಲ್ಲಿ ಅಪರಂಜಿ ಎಷ್ಟು. ಒಡವೆ ಮಾಡಿಸಿದಾಗ ಕೊಟ್ಟ ಮಜೂರಿ ಹೋಯಿತೆಂದೇ ತಿಳಿಯಬೇಕು. ಹೊಲಿಸಿದ ಅಂಗಿಯನ್ನು ಮಾರಿದರೆ ದರ್ಜಿಯ ಕೂಲಿ ಮರಳಿ ಬಂದೀತೆ? ಈ ಒಂದು ಆಸೆಯನ್ನು ಮನೆಯಲ್ಲಿಯೇ ಬಿಟ್ಟು ಹೋದರೆ ಅಂಗಡಿಯಲ್ಲಿ ಅರ್ಧ ಜಗಳ ತಪ್ಪುತ್ತದೆ.

ಮೊದಲು ತೂಕದ ಮಾತು. ಹಿರಿಯರ ಚೀಟಿಗಳಲ್ಲಿ ತೂಕ ತೊಲದಲ್ಲಿರುತ್ತದೆ. ಆ ತೊಲ ಬೆಳ್ಳಿ ರೂಪಾಯಿಯ ತೂಕ. ಇಂದಿನ ಲೆಕ್ಕದಲ್ಲಿ 11.66 ಗ್ರಾಂ. ಆದರೆ ಮೆಟ್ರಿಕ್ ಪದ್ಧತಿ ಬಂದ ಮೇಲೆ ಅನೇಕರು ಬಾಯಿಮಾತಿನಲ್ಲಿ 10 ಗ್ರಾಮಿಗೇ ತೊಲ ಎನ್ನುತ್ತಾರೆ. ಅಜ್ಜಿಯ ತೊಲವನ್ನೂ ಅಂಗಡಿಯ ತೊಲವನ್ನೂ ಒಂದೆಂದು ತಿಳಿದರೆ ತೊಲ ಒಂದಕ್ಕೆ ಒಂದೂವರೆ ಗ್ರಾಮಿಗಿಂತ ಹೆಚ್ಚು ವ್ಯತ್ಯಾಸ. ಕರಾವಳಿಯ ಕಡೆ ಪವನಿನ ಲೆಕ್ಕವುಂಟು; ಅದು 8 ಗ್ರಾಂ. ಆದ್ದರಿಂದ ಅಂಗಡಿಯಲ್ಲಿ ಗ್ರಾಮಿನ ಮಾತನ್ನು ಬಿಟ್ಟು ಬೇರೆ ಮಾತು ಬೇಡ.

ಇನ್ನು ಶುದ್ಧತೆ. ನಮ್ಮ ಹಿರಿಯರು ಇದನ್ನು 'ಬಣ್ಣ' ಎಂದು ಕರೆದರು. ಹದಿನಾರು ಬಣ್ಣದ್ದು ಎಂದರೆ ಕೇವಲ ಅಪರಂಜಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಹದಿನಾರರ ಲೆಕ್ಕವೇ ಇದೆ. ಈಗ 24ರ ಲೆಕ್ಕ, ಅದೇ ಕ್ಯಾರೆಟ್ಟು. 22 ಕ್ಯಾರೆಟ್ ಎಂದರೆ ಸಾವಿರದಲ್ಲಿ 916 ಭಾಗ ಚಿನ್ನ, 18 ಎಂದರೆ 750, 14 ಎಂದರೆ 585. ಅದೇ ಅರ್ಥಶಾಸ್ತ್ರ ಅಕ್ಕಸಾಲೆಯ ಐದು ಬಗೆಯ ಕಳವುಗಳನ್ನು ಪಟ್ಟಿಮಾಡುತ್ತದೆ. ಅವುಗಳಲ್ಲಿ ಮೊದಲನೆಯದು ತಕ್ಕಡಿಯದು. ಒರೆಗಲ್ಲಿನ ಮೇಲೆ ಗೆರೆ ಎಳೆಯುವಾಗ ಉಗುರಿನ ಸಂದಿನಿಂದ ಕಾವಿಯ ಪುಡಿ ಉದುರಿಸಿ ಬಣ್ಣ ಕಟ್ಟುವವನನ್ನೂ ಅದು ಹಿಡಿದು ತೋರಿಸಿದೆ. ಎರಡು ಸಾವಿರ ವರ್ಷಗಳ ಈಚೆಗೆ ಉಗುರುಗಳು ಹೆಚ್ಚೇನೂ ಬದಲಾಗಿಲ್ಲ! ಹಾಗೆಂದು, ಅಕ್ಕನ ಚಿನ್ನವನ್ನೂ ಬಿಡದವನು ಅಕ್ಕಸಾಲಿಗ ಎಂಬ ಗಾದೆಯನ್ನು ಎಲ್ಲರ ಮೇಲೂ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. 1963ರ ಜನವರಿಯಲ್ಲಿ ಸರಕಾರ ಚಿನ್ನದ ನಿಯಂತ್ರಣ ತಂದು 14 ಕ್ಯಾರೆಟ್ಟಿಗೆ ಮೀರಿದ ಹೊಸ ಒಡವೆ ಮಾಡಕೂಡದೆಂದಾಗ ಒಲೆ ಆರಿಸಿ ಕುಳಿತವರು ಆ ಬಡ ಅಕ್ಕಸಾಲಿಗರೇ. ಆ ಕಟ್ಟು ಕೆಲವು ವರ್ಷಗಳಲ್ಲಿ ಸಡಿಲವಾಯಿತು. ನಿಮ್ಮ ಮನೆಯ ಒಡವೆ ಆ ನಡುವಿನ ಕಾಲದ್ದಾಗಿದ್ದು 14 ಕ್ಯಾರೆಟ್ ಎಂದು ಬಂದರೆ, ಮಾಡಿದವನನ್ನು ಶಪಿಸಬೇಡಿ.

ನನ್ನ ಅನುಭವದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ನಮ್ಮ ತಾಯಿ ತೀರಿಕೊಂಡ ಮೇಲೆ ಅವರ ಕೆಂಪಿನ ಅಡ್ಡಿಕೆಯೊಂದು ಉಳಿಯಿತು. ನಾವು ಮೂವರು ಮಕ್ಕಳು: ಅಕ್ಕ, ನಾನು, ತಮ್ಮ. ಒಂದು ಒಡವೆಯನ್ನು ಮೂರು ತುಂಡು ಮಾಡಲಾಗದು. ಮಾರಿ ಹಂಚಿಕೊಳ್ಳುವುದೆಂದಾಯಿತು, ಮಾರುವ ಕೆಲಸ ನನ್ನ ಪಾಲಿಗೆ ಬಂತು. ತಾಯಿಯ ಕೈಬರಹದ ಚೀಟಿಯಲ್ಲಿ 'ಅಡ್ಡಿಕೆ, ಮೂರೂವರೆ ತೊಲ' ಎಂದಿತ್ತು. ಅಕ್ಕ ಆಗಲೇ ಲೆಕ್ಕ ಹಾಕಿ ಇಟ್ಟಿದ್ದಳು: 40 ಗ್ರಾಂ, 22 ಕ್ಯಾರೆಟ್ಟು, ಹಾಗಾದರೆ ಮೂವತ್ತಾರೂವರೆ ಗ್ರಾಂ ಅಪರಂಜಿಯ ಬೆಲೆ ಬರಬೇಕು.

ಮೊದಲ ಅಂಗಡಿಯಲ್ಲಿ ಅದನ್ನು ತೂಗಿದರು. ನಿಜಕ್ಕೂ 40 ಗ್ರಾಂ. ಚೀಟಿಗಿಂತ ಮುಕ್ಕಾಲು ಗ್ರಾಮಿಗೂ ತುಸು ಹೆಚ್ಚು ಕಡಿಮೆ, ಅದು ತೊಟ್ಟು ಸವೆದದ್ದು. ಅಂಗಡಿಯವರು ತಿರುಗಿಸಿ ನೋಡಿ, "ಕಲ್ಲು, ಅರಗು ಎಲ್ಲಾ ಸೇರಿ 10 ಗ್ರಾಂ ಹೋಗುತ್ತೆ ಮೇಷ್ಟ್ರೇ. ಉಳಿದದ್ದು ಹಳೇ ಮಾಲು, 18ರ ಲೆಕ್ಕ ಹಿಡಿಯೋಣ" ಎಂದರು. ಅಂದರೆ 30 ಗ್ರಾಮಿನಲ್ಲಿ ಮುಕ್ಕಾಲು ಪಾಲು, ಇಪ್ಪತ್ತೆರಡೂವರೆ ಗ್ರಾಂ. ಒರೆ ಹಚ್ಚಲಿಲ್ಲ, ಕಲ್ಲು ಬಿಡಿಸಲಿಲ್ಲ, ಎಲ್ಲವೂ ಕಣ್ಣಂದಾಜು. ನಾನು ಹಾಗೆಯೇ ಕೊಟ್ಟು ಬಂದಿದ್ದರೆ ಅಕ್ಕನ ಲೆಕ್ಕಕ್ಕೆ 14 ಗ್ರಾಂ ಕಡಿಮೆ. ಅವಳು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಆದರೆ ಆ 14 ಗ್ರಾಂ ನಮ್ಮಿಬ್ಬರ ನಡುವೆ ಸಾಯುವವರೆಗೂ ಕುಳಿತಿರುತ್ತಿತ್ತು. ಒಡವೆಯನ್ನು ಹಿಂದಕ್ಕೆ ತೆಗೆದುಕೊಂಡು ಮನೆಗೆ ಬಂದೆ.

ಎರಡನೆಯ ಸಲ ಮೂವರೂ ಒಟ್ಟಿಗೆ ಹೋದೆವು, ಬೆಳಗಿನ ಹೊತ್ತು. ಬೇರೆ ಅಂಗಡಿಯಲ್ಲಿ ಮುಂಚೆಯೇ ಮಾತಾಡಿಕೊಂಡೆವು: ಕಲ್ಲುಗಳನ್ನು ಬಿಡಿಸಿ ನಮಗೇ ಕೊಡಬೇಕು, ನಮ್ಮ ಕಣ್ಣೆದುರಿಗೇ ಕರಗಿಸಬೇಕು, ಬೆಲೆ ಒಪ್ಪಿಗೆಯಾಗದಿದ್ದರೆ ಗಟ್ಟಿಯನ್ನು ಹಿಂದಕ್ಕೆ ಕೊಡಬೇಕು. ಈ ಕೊನೆಯ ಷರತ್ತು ಬಹು ಮುಖ್ಯ. ಮೂಸೆಗೆ ಬಿದ್ದ ಒಡವೆ ಮತ್ತೆ ಒಡವೆಯಾಗದು. ಕರಗಿದ ಮೇಲೆ ಹಿಂಜರಿಯುವವನ ಮಾತಿಗೆ ಬಲವಿಲ್ಲ. 27 ಕೆಂಪುಗಳು ಹೊರಬಂದವು. ಅವು 4 ಗ್ರಾಂ. ಅರಗು ಮತ್ತು ಕೊಳೆ 2 ಗ್ರಾಂ. ಕರಗಿದ ಗಟ್ಟಿ 34 ಗ್ರಾಂ ತೂಗಿತು. ಅದನ್ನು ಪರೀಕ್ಷಿಸಿದಾಗ ನೂರಕ್ಕೆ 84 ಚಿನ್ನ ಬಂತು. ಅಕ್ಕ ತಿಳಿದಿದ್ದ 22 ಕ್ಯಾರೆಟ್ಟೂ ಅಲ್ಲ, ಮೊದಲಿನವರು ಹೇಳಿದ 18ರದ್ದೂ ಅಲ್ಲ. ಹಳೆಯ ಕಲ್ಲಿನ ಒಡವೆಯಲ್ಲಿ ಬೆಸುಗೆಗಳು ಬಹಳ. ಬೆಸುಗೆಗೆ ತಾಮ್ರ ಬೆಳ್ಳಿ ಹೆಚ್ಚು ಬೆರೆಸಿದ ಚಿನ್ನವನ್ನು ಬಳಸುವುದರಿಂದ ಕರಗಿದಾಗ ಒಟ್ಟು ಶುದ್ಧತೆ ಇಳಿಯುತ್ತದೆ. 34ಕ್ಕೆ 84ರಂತೆ 28.56 ಗ್ರಾಂ ಅಪರಂಜಿ. ಶುದ್ಧಮಾಡುವ ಖರ್ಚೆಂದು ನೂರಕ್ಕೆ ಎರಡು ಮುರಿದುಕೊಂಡು, 28 ಗ್ರಾಮಿನ ಬೆಲೆ ಕೊಟ್ಟರು. ಮೊದಲ ಅಂಗಡಿಗಿಂತ ಐದೂವರೆ ಗ್ರಾಂ ಹೆಚ್ಚು. ಗ್ರಾಮಿಗೆ 10,000 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಅದು 55,000 ರೂಪಾಯಿ. ಅಕ್ಕ ಅಂದುಕೊಂಡದ್ದಕ್ಕಿಂತ ಕಡಿಮೆಯೇ; ಆದರೆ ಏಕೆ ಕಡಿಮೆ ಎಂಬುದನ್ನು ಅವಳೇ ತಕ್ಕಡಿಯಲ್ಲಿ ನೋಡಿದ್ದಳು.

ಪರೀಕ್ಷೆಯ ವಿಚಾರ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒರೆಗಲ್ಲು ಅನುಭವಿಯ ಕೈಯಲ್ಲಿ ಒಳ್ಳೆಯ ಸಾಧನ. ಗೆರೆಯ ಮೇಲೆ ಆಮ್ಲದ ಹನಿ ಬಿಟ್ಟರೆ ಕೀಳು ಚಿನ್ನದ ಗೆರೆ ಮಾಸುತ್ತದೆ. ಆದರೂ ಅದು ಅಂದಾಜೇ. ಈಗ ಅಂಗಡಿಗಳಲ್ಲಿ ಕ್ಷಕಿರಣದ ಯಂತ್ರವಿದೆ. ಒಂದೆರಡು ನಿಮಿಷದಲ್ಲಿ ಅಂಕಿ ತೋರಿಸುತ್ತದೆ. ಅದು ಓದುವುದು ಮೇಲ್ಮೈಯನ್ನು ಮಾತ್ರ. ಮೇಲೆ ಮುಲಾಮಿದ್ದರೆ ಹೆಚ್ಚು ತೋರಿಸೀತು, ಬೆಸುಗೆಯ ಮೇಲೆ ಹಿಡಿದರೆ ಕಡಿಮೆ ತೋರಿಸೀತು. ಆದ್ದರಿಂದ ಎರಡು ಮೂರು ಕಡೆ ಹಿಡಿಸಿ ನೋಡಬೇಕು. ಎಲ್ಲಕ್ಕಿಂತ ನಿಖರವಾದದ್ದು ಅಗ್ನಿಪರೀಕ್ಷೆ: ಚೂರು ಚಿನ್ನವನ್ನು ಸೀಸ ಬೆಳ್ಳಿಗಳೊಡನೆ ಕಾಯಿಸಿ, ಸೀಸದೊಡನೆ ತಾಮ್ರವನ್ನು ಇಳಿಸಿ, ಉಳಿದ ಬೆಳ್ಳಿಯನ್ನು ಆಮ್ಲದಲ್ಲಿ ಕರಗಿಸಿ ತೂಗುವುದು. ಭಾರತೀಯ ಮಾನಕ ಬ್ಯೂರೋ ಮಾನ್ಯಮಾಡಿದ ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಸಾಮಾನ್ಯ ಗ್ರಾಹಕರೂ ಶುಲ್ಕ ಕೊಟ್ಟು ಒಡವೆಯನ್ನು ಪರೀಕ್ಷೆ ಮಾಡಿಸಬಹುದು. ಮಾರುವುದಕ್ಕೆ ಮೊದಲು ಆ ವರದಿ ಕೈಯಲ್ಲಿದ್ದರೆ ನಿಮ್ಮ ಮಾತಿನ ಧಾಟಿಯೇ ಬೇರೆ.

ಈಚಿನ ಒಡವೆಗಳಾದರೆ ಕಷ್ಟ ಕಡಿಮೆ. 2000ದಲ್ಲಿ ಆರಂಭವಾದ ಹಾಲ್‌ಮಾರ್ಕ್ 2021ರ ಜೂನಿನಿಂದ ಹಂತಹಂತವಾಗಿ ಕಡ್ಡಾಯವಾಯಿತು. ಈಗಿನ ಮುದ್ರೆಯಲ್ಲಿ ಬ್ಯೂರೋದ ತ್ರಿಕೋನ ಚಿಹ್ನೆ, ಶುದ್ಧತೆ ಮತ್ತು ಆರು ಅಕ್ಷರ-ಅಂಕಿಗಳ ಗುರುತು ಇರುತ್ತವೆ. ಆ ಗುರುತನ್ನು ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. 'ಕೆ.ಡಿ.ಎಂ.' ಎಂಬ ಅಕ್ಷರಗಳನ್ನು ಮಾತ್ರ ನಂಬಬೇಡಿ. ಅದು ಕ್ಯಾಡ್ಮಿಯಮ್ ಬೆಸುಗೆಯ ಹೆಸರು, ಶುದ್ಧತೆಯ ಮುದ್ರೆಯಲ್ಲ. ಮುದ್ರೆಯಿಲ್ಲದ ಹಳೆಯ ಒಡವೆಯನ್ನು ಮನೆಯವರು ಮಾರುವುದಕ್ಕೆ ಅಡ್ಡಿಯೇನೂ ಇಲ್ಲ. "ಮುದ್ರೆಯಿಲ್ಲ, ಆದ್ದರಿಂದ ಅರ್ಧ ಬೆಲೆ" ಎನ್ನುವವರ ಅಂಗಡಿಯ ಮೆಟ್ಟಿಲು ಇಳಿಯಿರಿ.

ಹಳೆಯದನ್ನು ಕೊಟ್ಟು ಹೊಸದನ್ನು ಕೊಂಡರೆ ಹೆಚ್ಚು ಬೆಲೆ ಎನ್ನುವುದುಂಟು. ಹಳೆಯದಕ್ಕೆ ಕೊಟ್ಟ ಔದಾರ್ಯ ಹೊಸದರ ಮಜೂರಿಯಲ್ಲಿ ಮರಳಿ ಹೋಯಿತೇ ಎಂದು ಎರಡನ್ನೂ ಬೇರೆಬೇರೆ ಬರೆಸಿ ನೋಡಿ. ಹಣವನ್ನು ಬ್ಯಾಂಕಿನ ಮೂಲಕವೇ ಪಡೆಯಿರಿ. ತೂಕ, ಶುದ್ಧತೆ, ದರ, ಕಡಿತ ಈ ನಾಲ್ಕೂ ಇರುವ ರಸೀತಿ ಬೇಕು. ಲಾಭಕ್ಕೆ ತೆರಿಗೆಯುಂಟು, ಹಿರಿಯರಿಂದ ಬಂದ ಒಡವೆಯಾದರೆ ಅವರು ಕೊಂಡ ಬೆಲೆಯೇ ಮೂಲಬೆಲೆ. 2001ರ ಏಪ್ರಿಲಿಗೆ ಹಿಂದಿನದಾದರೆ ಆ ದಿನದ ಬೆಲೆಯನ್ನು ಹಿಡಿಯಬಹುದು. ಹಳೆಯ ಚೀಟಿಗಳನ್ನು ಹರಿದು ಒಲೆಗೆ ಹಾಕಬೇಡಿರೆಂದು ಹೇಳುವುದು ಇದಕ್ಕಾಗಿಯೇ.

ನಮ್ಮ ಅಡ್ಡಿಕೆಯ ಕೆಂಪುಗಳನ್ನು ಒಂಬತ್ತೊಂಬತ್ತರಂತೆ ಹಂಚಿಕೊಂಡೆವು. ಅಕ್ಕನ ಪಾಲಿನ ಒಂಬತ್ತರಲ್ಲಿ ಎರಡು ಬಣ್ಣದ ಗಾಜು ಎಂದು ಆಮೇಲೆ ತಿಳಿಯಿತು. ಬದಲಿಗೆ ನನ್ನವು ಎರಡನ್ನು ಕೊಡಲು ಹೋದೆ. "ಅಮ್ಮ ಕೊರಳಿಗೆ ಹಾಕಿಕೊಂಡಿದ್ದದ್ದು ಇದನ್ನೇ ತಾನೆ" ಎಂದು ಗಾಜನ್ನೇ ಇಟ್ಟುಕೊಂಡಳು.