ಊರಿಗಾಗಿ ಆಡುವ ಹದಿನೈದು ಮಂದಿ

(ಪತ್ರಿಕೋದ್ಯಮ ವಿದ್ಯಾರ್ಥಿಗಳ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಐರ್ಲೆಂಡಿನ ಒಂದು ಹಳ್ಳಿ. ಆಗಸ್ಟ್ ತಿಂಗಳ ಭಾನುವಾರ ಮಧ್ಯಾಹ್ನ. ಅಂಗಡಿ ಬೀದಿಯಲ್ಲಿ ನರಪಿಳ್ಳೆಯಿಲ್ಲ. ರಸ್ತೆಯಂಚಿನಲ್ಲಿ ಕಾರುಗಳ ಸಾಲು. ಆ ಸಾಲು ಹಿಡಿದು ನಡೆದರೆ ಹಸಿರು ಮೈದಾನ; ಊರೆಲ್ಲ ಅಲ್ಲಿದೆ. ನಡೆಯುತ್ತಿರುವುದು ಹರ್ಲಿಂಗ್ ಪಂದ್ಯ.

ಮೊದಲು ಆಟದ ವಿಷಯ ಹೇಳಿಬಿಡುತ್ತೇನೆ. ತಂಡಕ್ಕೆ 15 ಮಂದಿ. ಕೈಯಲ್ಲಿ ತುದಿ ಅಗಲವಾದ ಮರದ ಕೋಲು. ಚರ್ಮ ಹೊದಿಸಿದ ಪುಟ್ಟ ಚೆಂಡನ್ನು ನೆಲದ ಮೇಲೂ ಹೊಡೆಯಬಹುದು, ಗಾಳಿಯಲ್ಲೂ ಹೊಡೆಯಬಹುದು; ಕೋಲಿನ ತುದಿಯಲ್ಲಿ ಕೂರಿಸಿಕೊಂಡು ಓಡಲೂಬಹುದು. ಗೋಲುಕಂಬಗಳು ಇಂಗ್ಲಿಷಿನ ‘ಎಚ್’ ಅಕ್ಷರದಂತಿವೆ. ಚೆಂಡು ಅಡ್ಡಪಟ್ಟಿಯ ಮೇಲಿಂದ ಹೋದರೆ 1 ಅಂಕ. ಬಿಳಿ ಕೋಟಿನ ಅಂಪೈರ್ ಬಿಳಿ ಬಾವುಟ ಎತ್ತುತ್ತಾರೆ. ಕೆಳಗಿಂದ ಬಲೆ ಸೇರಿದರೆ ಗೋಲು, 3 ಅಂಕ, ಹಸಿರು ಬಾವುಟ. ಫಲಕದಲ್ಲಿ 2-15 ಎಂದಿದ್ದರೆ ಎರಡು ಗೋಲು, ಹದಿನೈದು ಅಂಕ. ಒಟ್ಟು 21 ಎಂದು ಓದಿಕೊಳ್ಳಬೇಕು.

ಆಟ ಬಹಳ ಹಳೆಯದು. ಅದಕ್ಕೆ ಈಗಿನ ಕಟ್ಟುಪಾಡು ಬಂದದ್ದು ಬ್ರಿಟಿಷರ ಆಳ್ವಿಕೆಯ ಕಾಲದಲ್ಲಿ. 1884ರ ನವೆಂಬರ್ 1ರಂದು ಥರ್ಲ್ಸ್ ಪಟ್ಟಣದ ಹೋಟೆಲೊಂದರಲ್ಲಿ ಮೈಕೆಲ್ ಕ್ಯೂಸಾಕ್, ಮಾರಿಸ್ ಡೇವಿನ್ ಮುಂತಾದವರು ಸೇರಿ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಸ್ಥಾಪಿಸಿದರು. ತಮ್ಮ ನಾಡಿನ ಆಟಗಳು ಅಳಿಯಬಾರದು ಎಂಬುದು ಅವರ ಉದ್ದೇಶ. ಕ್ಲಬ್‌ಗಳು ಹುಟ್ಟಿಕೊಂಡದ್ದು ಬಹುಮಟ್ಟಿಗೆ ಪ್ಯಾರಿಷ್‌ಗಳ ಲೆಕ್ಕದಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಒಂದರಂತೆ.

ಇಲ್ಲಿಯೇ ಇರುವುದು ವಿಶೇಷ. ಈ ಆಟದಲ್ಲಿ ಆಟಗಾರನಿಗೆ ಸಂಬಳವಿಲ್ಲ. ಹರಾಜೂ ಇಲ್ಲ. ಬೆಳೆದ ಊರೇ ಸಾಮಾನ್ಯವಾಗಿ ಅವನ ಕ್ಲಬ್. ಕಿಲ್ಕೆನಿ ಕೌಂಟಿಯ ಹೆನ್ರಿ ಷೆಫ್ಲಿನ್ ಅಖಿಲ ಐರ್ಲೆಂಡ್ ಪದಕವನ್ನು 10 ಬಾರಿ ಗೆದ್ದವರು. ಆದರೂ ಆಡುತ್ತಿದ್ದ ದಿನಗಳಲ್ಲಿ ಜೀವನಕ್ಕೆ ಬ್ಯಾಂಕ್ ನೌಕರಿಯಿತ್ತು, ಆಡುತ್ತಿದ್ದದ್ದು ಬ್ಯಾಲಿಹೇಲ್ ಎಂಬ ತಮ್ಮ ಹಳ್ಳಿಯ ಕ್ಲಬ್ಬಿಗೆ. ಆ ಸಣ್ಣ ಹಳ್ಳಿ 2023ರ ವೇಳೆಗೆ ಅಖಿಲ ಐರ್ಲೆಂಡ್ ಕ್ಲಬ್ ಪ್ರಶಸ್ತಿಯನ್ನು 9 ಬಾರಿ ಗೆದ್ದಿತ್ತು. ಹೀಗಾಗಿ ಬೇಲಿಯ ಬಳಿ ನಿಂತವರಿಗೆ ಮೈದಾನದಲ್ಲಿರುವವರು ತಾರೆಯರಲ್ಲ. ಒಬ್ಬ ಪಕ್ಕದ ಮನೆಯ ಹುಡುಗ, ಇನ್ನೊಬ್ಬ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು. ಬೈಯುವುದೂ ಹುರಿದುಂಬಿಸುವುದೂ ಹೆಸರು ಹಿಡಿದೇ.

ಹಣ ಕೊಟ್ಟು ಆಟಗಾರರನ್ನು ತರುವಂತಿಲ್ಲ ಎಂದರೆ ಇನ್ನೊಂದು ಅರ್ಥವೂ ಉಂಟು. ಊರಿನಲ್ಲಿ ಹುಡುಗರಿಲ್ಲದಿದ್ದರೆ ತಂಡವೂ ಇಲ್ಲ. 2008ರ ಆರ್ಥಿಕ ಕುಸಿತದ ನಂತರ ಎಷ್ಟೋ ಯುವಕರು ಆಸ್ಟ್ರೇಲಿಯಾ, ಕೆನಡಾ, ಇಂಗ್ಲೆಂಡಿಗೆ ಹೊರಟುಹೋದರು. ಡಬ್ಲಿನ್ನಿನಲ್ಲಿ ಕೆಲಸ ಸಿಕ್ಕವರು ಅಭ್ಯಾಸಕ್ಕೆಂದು ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಊರಿಗೆ ಬರುತ್ತಾರೆ. ಮಕ್ಕಳು ಸಾಲದ ಕಡೆ ಎರಡು ಊರುಗಳನ್ನು ಕೂಡಿಸಿ ಒಂದೇ ತಂಡ ಕಟ್ಟುತ್ತಾರೆ. ತಲೆಮಾರುಗಳ ಕಾಲ ಎದುರಾಳಿಯಾಗಿದ್ದ ಊರಿನ ಜೊತೆ ಒಂದೇ ಅಂಗಿ ತೊಡುವುದು ಹಿರಿಯರಿಗೆ ಸುಲಭದ ಮಾತಲ್ಲ. ಆದರೆ ಇನ್ನೊಂದು ದಾರಿ ಆಟವನ್ನೇ ಬಿಡುವುದು.

ಕೋಲಿಗೂ ಕಷ್ಟ ಬಂದಿದೆ. ಅದನ್ನು ಮಾಡುವುದು ಆ್ಯಶ್ ಮರದ ಬುಡದಿಂದ. ಬೇರಿನತ್ತ ಬಾಗುವ ಅಲ್ಲಿನ ನಾರೇ ಕೋಲಿನ ಬಲ. ಆ ಮರಗಳಿಗೆ ತಗಲಿದ ಶಿಲೀಂಧ್ರ ರೋಗ 2012ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡಿತು. ಈಗ ಬಿದಿರಿನ, ಕೃತಕ ವಸ್ತುಗಳ ಕೋಲುಗಳೂ ಬಂದಿವೆ. 2018ರಲ್ಲಿ ಯುನೆಸ್ಕೋ ಹರ್ಲಿಂಗನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗೌರವ ದೊಡ್ಡದೇ. ಆದರೆ ಪಟ್ಟಿ ಬಂದು ಮೈದಾನದಲ್ಲಿ ಆಡುವುದಿಲ್ಲ.

ನಾಳೆ ವರದಿಗಾರರಾಗುವವರು ನೀವು. ಇಂಥ ಪಂದ್ಯಕ್ಕೆ ಎಂದಾದರೂ ಹೋದರೆ ವಿಶ್ರಾಂತಿಯ ವೇಳೆ ಚಹಾಕ್ಕೆ ಎದ್ದು ಹೋಗಬೇಡಿ. ಆಗ ಊರಿನ ಮಕ್ಕಳು ಪುಟ್ಟ ಕೋಲು ಹಿಡಿದು ಮೈದಾನಕ್ಕೆ ನುಗ್ಗುತ್ತಾರೆ. ಅವರು ಎಷ್ಟು ಮಂದಿ ಎಂದು ಎಣಿಸಿ, ಅಂಕಗಳ ಪಕ್ಕದಲ್ಲೇ ಬರೆದುಕೊಳ್ಳಿ. ಆ ಊರಿನ ನಿಜವಾದ ಫಲಿತಾಂಶ ಅದು.