ಕಿವಿಗೊಬ್ಬ ವೈದ್ಯರು ಬೇಕಾದಾಗ



ಸ್ಟುಡಿಯೋದಲ್ಲಿ ಕೆಲಸ ಮಾಡುವಾಗ ನಾನು ಹೆಡ್‌ಫೋನನ್ನು ಬಲಗಿವಿಗೆ ಮಾತ್ರ ಒತ್ತಿ ಹಿಡಿದಿರುತ್ತೇನೆ. ನೋಡಿದವರು ಇದು ನಿರ್ಮಾಪಕರ ಗತ್ತು ಎಂದುಕೊಳ್ಳುತ್ತಾರೆ. ಗತ್ತೇನೂ ಅಲ್ಲ, ನನ್ನ ಎಡಗಿವಿ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಸವದತ್ತಿ ತಾಲೂಕಿನ ಹಳ್ಳಿಯೊಂದರಲ್ಲಿ ಐದನೆಯ ಇಯತ್ತೆ ಓದುತ್ತಿದ್ದಾಗ ನನಗೆ ನೆಗಡಿ ಬಂದಾಗಲೆಲ್ಲ ಕಿವಿ ಸೋರುತ್ತಿತ್ತು. ಅವ್ವ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡುತ್ತಿದ್ದಳು. ಔಷಧದ ಅಂಗಡಿಯವರು ಕಿವಿಯನ್ನು ನೋಡದೆಯೇ ಹನಿ ಔಷಧದ ಬಾಟಲಿ ಕೊಡುತ್ತಿದ್ದರು. ಸೋರುವುದು ನಿಲ್ಲುತ್ತಿತ್ತು, ಮುಂದಿನ ಮಳೆಗಾಲಕ್ಕೆ ಮತ್ತೆ ಬರುತ್ತಿತ್ತು. ಹಿಂದಿನ ಸಾಲಿನಲ್ಲಿ ಕೂಡುತ್ತಿದ್ದ ನನಗೆ ಮಾಸ್ತರರು ಕರೆದದ್ದು ಕೇಳುತ್ತಿರಲಿಲ್ಲ. "ಕರದ್ರ ಓ ಅನ್ನಂಗಿಲ್ಲ, ಸೊಕ್ಕ ಬಂದೈತಿ ಇವಗ" ಎಂದು ಬೆತ್ತದ ರುಚಿಯನ್ನೂ ತೋರಿಸಿದರು. ಹೀಗೆ ಐದಾರು ವರ್ಷ ಕಳೆದವು.

ಪಿ.ಯು.ಸಿ.ಗೆ ಬಂದಾಗ ಸೋದರಮಾವ ನನ್ನನ್ನು ಒಂದು ದೊಡ್ಡ ಆಸ್ಪತ್ರೆಯ ಕಿವಿ, ಮೂಗು, ಗಂಟಲು ವಿಭಾಗಕ್ಕೆ ಕರೆದುಕೊಂಡು ಹೋದರು. ಅಲ್ಲಿನ ವೈದ್ಯರು ಚೀಟಿ ಬರೆಯುವ ಆತುರ ತೋರಲಿಲ್ಲ. ಎರಡೂ ಕಿವಿಗಳೊಳಗೆ ಬೆಳಕು ಬಿಟ್ಟು ನೋಡಿದರು. ಆಮೇಲೆ ನಮ್ಮ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿದ್ದಂಥದೇ ಒಂದು ಶ್ರುತಿಕವೆಯನ್ನು ತಟ್ಟಿ, ಅದರ ಬುಡವನ್ನು ನನ್ನ ಹಣೆಯ ನಡುವೆ ಇಟ್ಟರು. "ತಮ್ಮಾ, ಸಪ್ಪಳ ಯಾವ ಕಡೆ ಕೇಳಸಾಕತ್ತೇತಿ?" ಎಂದರು. ಎಡಗಡೆ ಎಂದೆ. ಹೇಳಿದ ಮೇಲೆ ನಾಚಿಕೆಯಾಯಿತು. ಕೆಟ್ಟ ಕಿವಿಗೆ ಹೆಚ್ಚು ಕೇಳುವುದೆಂದರೇನು!

ಉತ್ತರ ಸರಿಯಾಗಿಯೇ ಇತ್ತು. ಕಿವಿಯ ಪರದೆಯೋ ಅದರ ಹಿಂದಿನ ಮೂರು ಪುಟ್ಟ ಎಲುಬುಗಳೋ ಕೆಟ್ಟು, ಒಳಗಿನ ನರ ಚೆನ್ನಾಗಿದ್ದರೆ, ತಲೆಯ ಎಲುಬಿನ ಮೂಲಕ ಹೋಗುವ ನಾದ ಆ ಕಿವಿಗೇ ಜೋರಾಗಿ ಕೇಳುತ್ತದೆ. ಹೊರಗಿನ ಗದ್ದಲ ಅಲ್ಲಿಗೆ ತಲುಪದಿರುವುದು ಇದಕ್ಕೆ ಒಂದು ಕಾರಣ. ನರವೇ ಕೆಟ್ಟಿದ್ದರೆ ನಾದ ಒಳ್ಳೆಯ ಕಿವಿಯ ಕಡೆಗೆ ವಾಲುತ್ತದೆ. ಒಂದೇ ನಿಮಿಷದಲ್ಲಿ, ಒಂದು ಉಕ್ಕಿನ ಕವೆಯಿಂದ, ಶಸ್ತ್ರಚಿಕಿತ್ಸೆಯಿಂದ ಉಪಯೋಗವಾದೀತೇ ಎಂಬುದರ ಸುಳಿವು ಅವರಿಗೆ ಸಿಕ್ಕಿತ್ತು. ಕಿವಿಯ ಮೇಲ್ಭಾಗದ ಸ್ನಾಯುವಿನ ತೆಳು ಹೊದಿಕೆಯನ್ನು ತೆಗೆದು ಪರದೆಯ ತೂತನ್ನು ಮುಚ್ಚಿದರು. ಆದರೆ ಮೂರರಲ್ಲಿ ಒಂದು ಎಲುಬನ್ನು ಕೀವು ಆಗಲೇ ತಿಂದುಹಾಕಿತ್ತು.

ವೈದ್ಯರನ್ನು ಆರಿಸಿಕೊಳ್ಳುವುದೆಂದರೆ ನಮ್ಮ ಕಡೆ ಸಾಮಾನ್ಯವಾಗಿ ಎರಡೇ ದಾರಿ: ಬಸ್ ನಿಲ್ದಾಣಕ್ಕೆ ಹತ್ತಿರವಿದ್ದವರು, ಇಲ್ಲವೇ ಬೀಗರು ಹೇಳಿದವರು. ಮೊದಲು ಬೋರ್ಡನ್ನು ಓದಿ. ಎಂ.ಬಿ.ಬಿ.ಎಸ್. ಆದ ಮೇಲೆ ಈ ವಿಷಯದಲ್ಲಿ ಎಂ.ಎಸ್., ಡಿ.ಎನ್.ಬಿ. ಅಥವಾ ಡಿ.ಎಲ್.ಓ. ಮಾಡಿದವರು ತಜ್ಞರು. ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಅವರಿಗೆ ಇರಲೇಬೇಕು. ಖಾಸಗಿ ಆಸ್ಪತ್ರೆಯಾದರೆ 2007ರ ರಾಜ್ಯ ಕಾಯ್ದೆಯ ಪ್ರಕಾರ ನೋಂದಾಯಿಸಿಕೊಂಡು, ದರಪಟ್ಟಿಯನ್ನು ಕಾಣುವಂತೆ ಹಾಕಿರಬೇಕು. ಅಕ್ಷರ ಬಾರದ ಹಿರಿಯರ ಜೊತೆ ಹೋದಾಗ ಇದನ್ನು ಓದಿ ಹೇಳುವ ಕೆಲಸ ನಿಮ್ಮದು.

ಆದರೆ ಪದವಿಗಿಂತ ಹೆಚ್ಚಾಗಿ ನಾನು ನೋಡುವುದು ಪರೀಕ್ಷೆಯ ರೀತಿಯನ್ನು. ಒಂದು ಕಿವಿಯ ದೂರು ಹೇಳಿದರೂ ಎರಡನ್ನೂ ನೋಡಿದರೇ? ಮೂಗು, ಗಂಟಲನ್ನು ನೋಡಿದರೇ? ಇವು ಬೇರೆ ಬೇರೆ ಅಂಗಗಳಾದರೂ ಮೂಗಿನ ಹಿಂಬದಿಯಿಂದ ನಡುಗಿವಿಗೆ ಒಂದು ನಾಳವಿದೆ, ನೆಗಡಿ ಕಿವಿಗೆ ಇಳಿಯುವ ದಾರಿ ಅದೇ. ಶಸ್ತ್ರಚಿಕಿತ್ಸೆಯ ಮಾತೆತ್ತುವ ಮುಂಚೆ ಆಡಿಯೋಗ್ರಾಂ ಮಾಡಿಸಿದರೇ? ಸ್ಟುಡಿಯೋದ ಮೀಟರಿನಲ್ಲಿ ನಾನು ದಿನವೂ ನೋಡುವ ಡೆಸಿಬೆಲ್ಲೇ ಅಲ್ಲಿಯೂ ಅಳತೆ. ಪರದೆಯನ್ನು ನೋಡದೆ ಹನಿ ಔಷಧ ಕೊಡುವವರ ಬಗ್ಗೆ ಎಚ್ಚರವಿರಲಿ. ಪರದೆಯಲ್ಲಿ ತೂತಿದ್ದರೆ ಕೆಲವು ಹನಿಗಳು ಒಳಗಿವಿಗೇ ಅಪಾಯ ತರಬಲ್ಲವು.

ಇನ್ನು ಎಲ್ಲಿಗೆ ಹೋಗಬೇಕು? ಕಿತ್ತೂರಿನವರು ಹೆದ್ದಾರಿಯ ಮೇಲಿದ್ದಾರೆ, ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಧಾರವಾಡ. ಬೈಲಹೊಂಗಲಕ್ಕೆ ಬೆಳಗಾವಿ, ಸವದತ್ತಿಗೆ ಧಾರವಾಡ ಅನುಕೂಲ. ರಾಮದುರ್ಗದವರಿಗೆ ತಮ್ಮ ಜಿಲ್ಲಾ ಕೇಂದ್ರಕ್ಕಿಂತ ಬಾಗಲಕೋಟೆಯೇ ಹತ್ತಿರ. ಬೆಳಗಾವಿ, ಹುಬ್ಬಳ್ಳಿ, ಧಾರವಾಡ, ಬಾಗಲಕೋಟೆ ನಾಲ್ಕರಲ್ಲೂ ವೈದ್ಯಕೀಯ ಕಾಲೇಜುಗಳಿವೆ. ಹುಬ್ಬಳ್ಳಿಯ ಸರಕಾರಿ ಕಾಲೇಜು 1957ರಷ್ಟು ಹಳೆಯದು. ಇಂಥಲ್ಲಿ ಕಾಯಬೇಕಾಗುತ್ತದೆ, ಮೊದಲು ಕಲಿಯುತ್ತಿರುವ ವೈದ್ಯರು ನೋಡುತ್ತಾರೆ, ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಬೇಸರಪಡಬೇಡಿ. ಎರಡು ಜೋಡಿ ಕಣ್ಣು ನೋಡಿದ್ದು ರೋಗಿಗೆ ಲಾಭವೇ.

ವಾರಕ್ಕೊಮ್ಮೆ ಊರಿಗೆ ಬಂದುಹೋಗುವ ತಜ್ಞರನ್ನು ನೆಚ್ಚಬಾರದೆಂದಲ್ಲ. ಅವರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದಾದರೆ ಒಂದು ಪ್ರಶ್ನೆ ಕೇಳಿ: ನಾಳೆ ರಾತ್ರಿ ರಕ್ತ ಬಂದರೆ ನನ್ನನ್ನು ಯಾರು ನೋಡುತ್ತಾರೆ? ಮಾಡಿಸದಿದ್ದರೆ ಏನಾಗುತ್ತದೆ ಎಂದೂ ಕೇಳಿ. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ.

ಆರಿಸುತ್ತ ಕೂಡಲು ವೇಳೆಯಿಲ್ಲದ ಸಂದರ್ಭಗಳೂ ಉಂಟು. ಗಡಿಯಾರದ ಗುಂಡಿಯಂಥ ಬ್ಯಾಟರಿಯನ್ನು ಮಗು ಮೂಗಿಗೋ ಕಿವಿಗೋ ಹಾಕಿಕೊಂಡರೆ ಅದು ಕೆಲವೇ ತಾಸಿನಲ್ಲಿ ಒಳಗನ್ನು ಸುಡುತ್ತದೆ, ಸಿಕ್ಕ ವಾಹನ ಹತ್ತಿ. ಕಡಲೆಯೋ ಜೋಳದ ಕಾಳೋ ಕಿವಿಯಲ್ಲಿ ಸಿಕ್ಕಿದರೆ ನೀರು ಹಾಕಬೇಡಿ, ಉಬ್ಬಿ ಇನ್ನೂ ಬಿಗಿಯಾಗುತ್ತದೆ. ಬೆಳಗ್ಗೆ ಏಳುವಾಗ ಒಂದು ಕಿವಿ ಏಕಾಏಕಿ ಕೇಳದಂತಾದರೆ "ಮೇಣ ಇರಬೇಕು" ಎಂದು ಸಂತೆಯ ದಿನದವರೆಗೆ ಕಾಯಬೇಡಿ. ಅದು ನರದ ತೊಂದರೆಯಾಗಿದ್ದರೆ ಮೊದಲ ಕೆಲವು ದಿನಗಳ ಚಿಕಿತ್ಸೆಗೇ ಹೆಚ್ಚು ಬೆಲೆ. ತಂಬಾಕು ತಿನ್ನುವ ಅಜ್ಜನ ದನಿ ಮೂರು ವಾರವಾದರೂ ಒಡೆದೇ ಇದ್ದರೆ ಗಂಟಲನ್ನು ತೋರಿಸಲೇಬೇಕು.

ಸರಕಾರಿ ಶಾಲೆಯ ಮಕ್ಕಳಿಗೆ ಇನ್ನೊಂದು ಬಾಗಿಲಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬಂದು ತಪಾಸಣೆ ಮಾಡುತ್ತದೆ, ಕಿವಿ ಸೋರುವುದೂ ಅದರ ಪಟ್ಟಿಯಲ್ಲಿದೆ. ಅವರು ಬಂದ ದಿನ ಹಿಂದಿನ ಸಾಲಿನಲ್ಲಿ ಕೂತು ಕರೆದರೆ ಓ ಎನ್ನದ ಗೆಳೆಯನಿದ್ದರೆ ಮುಂದೆ ಕಳಿಸಿ.

ಹೋಗುವಾಗ ಹಳೆಯ ಚೀಟಿಗಳನ್ನೆಲ್ಲ ಒಯ್ಯಿರಿ. ನನ್ನ ಮೊದಲ ಆಡಿಯೋಗ್ರಾಂ ಮಡಿಕೆಗಳಲ್ಲಿ ಹರಿದಿದೆ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೇನೆ. ಯಾವ ಹೊಸ ವೈದ್ಯರ ಬಳಿ ಹೋದರೂ ಅವರು ಮೊದಲು ಕೈಚಾಚುವುದು ಅದಕ್ಕೇ.